ಸಾಹೇಬರು ಬರುವ ದಿನ, ಬಾರದ ದಿನ

ಗೋವಾದ ವಾಸ್ಕೋ ಪಟ್ಟಣದಲ್ಲಿ ಮಂಗೋರ್ ಹಿಲ್ ಅಂತ ಒಂದು ಗುಡ್ಡ ಇದೆ. ನಮ್ಮ ಕಡೆ ಮಂದಿಗೆ ಈ ಹೆಸರು ಹೊಸದಲ್ಲ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ಹಾವೇರಿ ಸೀಮೆಯಿಂದ ಮಳೆ ಕೈಕೊಟ್ಟ ವರ್ಷಗಳಲ್ಲಿ ಗಂಟು ಕಟ್ಟಿಕೊಂಡು ರೈಲು ಹತ್ತಿದವರು ಬಹಳ ಮಂದಿ ಅಲ್ಲಿ ನೆಲೆ ನಿಂತರು. ಅಲ್ಲಿಂದ ಮರ್ಮಗೋವಾ ಬಂದರು ಹತ್ತಿರ, ಹಡಗು ಕಟ್ಟುವ ಯಾರ್ಡು ಹತ್ತಿರ, ಜುವಾರಿನಗರದ ಗೊಬ್ಬರದ ಕಾರ್ಖಾನೆಯೂ ಬಹಳ ದೂರ ಇಲ್ಲ. 2020ರ ಜೂನ್ ತಿಂಗಳಲ್ಲಿ ಕೊರೊನಾ ಬಂದು ಆ ಗುಡ್ಡಕ್ಕೆ ಬೇಲಿ ಬಿದ್ದಾಗ ಅದರ ಹೆಸರು ಪೇಪರಿನಲ್ಲಿ ದಿನಾ ಬಂತು. ನಮ್ಮವರು ಅಲ್ಲಿ ಎಷ್ಟು ಒತ್ತೊತ್ತಾಗಿ ಬದುಕುತ್ತಾರೆ ಅನ್ನೋದು ಆಗ ಊರಿನವರಿಗೂ ಗೊತ್ತಾಯಿತು.

ನಾನು ಹೊಲ ಮಾಡಿಕೊಂಡು ಪದ ಹಾಡುವ ಮನುಷ್ಯ. ಓದಿದ್ದು ಏಳನೆಯತ್ತೆ. ಗಣಪತಿ ಹಬ್ಬಕ್ಕೆ ಅಲ್ಲಿಯ ಕನ್ನಡದವರು ಕರೆಸಿದಾಗ ನಮ್ಮ ಮೇಳ ಕಟ್ಟಿಕೊಂಡು ಹೋಗುತ್ತೇನೆ. ಮೊದಲು ಹೋದಾಗ ನಮ್ಮವರೆಲ್ಲ ಆಳುಗಳು. ಈಗ ಹೋದರೆ ಕೆಲವರು ಮಾಲೀಕರಾಗಿದ್ದಾರೆ. ಒಬ್ಬ ಫ್ಯಾಬ್ರಿಕೇಶನ್ ಶೆಡ್ ಹಾಕಿದ್ದಾನೆ, ಇನ್ನೊಬ್ಬ ಸೆಂಟ್ರಿಂಗ್ ಗುತ್ತಿಗೆ ಹಿಡಿಯುತ್ತಾನೆ, ಮತ್ತೊಬ್ಬನ ಕೈಕೆಳಗೆ ಹದಿನೈದು ಮಂದಿ ವೆಲ್ಡಿಂಗ್, ಗ್ಯಾಸ್ ಕಟಿಂಗ್ ಮಾಡುತ್ತಾರೆ. ಇವರು ಕೇಳುವ ಮಾತು ಒಂದೇ: "ಕಾಕಾ, ತಪಾಸಣೆಗೆ ಸಾಹೇಬ್ರು ಬರ್ತಾರಂತ. ಏನು ತಯಾರಿ ಮಾಡ್ಬೇಕು?" ಕೇಳುವಾಗ ಮುಖದಲ್ಲಿ ಭಯ ಇರುತ್ತದೆ. ಪೊಲೀಸರು ಬಂದಂಗ, ಜಪ್ತಿ ಬಂದಂಗ. ತಪಾಸಣೆ ಅನ್ನೋದು ಎಲ್ಲಿಂದ ಬಂತು, ಯಾಕೆ ಬಂತು ಅಂತ ತಿಳಿದರೆ ಭಯ ಕಡಿಮೆಯಾಗುತ್ತದೆ, ತಯಾರಿಯ ದಾರಿಯೂ ಕಾಣುತ್ತದೆ. ಅದಕ್ಕೇ ನಮ್ಮ ವಾಚನಾಲಯದ ಪುಸ್ತಕಕ್ಕೆ ಈ ವಿಷಯ ಆರಿಸಿಕೊಂಡೆ.

ಮೊದಲು ಇಂಗ್ಲೆಂಡಿನಿಂದ ಶುರು ಮಾಡಬೇಕು. ಅಲ್ಲಿ ಹತ್ತಿ ಗಿರಣಿಗಳು ಹೆಚ್ಚಿದಾಗ ಸಣ್ಣ ಸಣ್ಣ ಹುಡುಗರನ್ನು ಹಗಲು ರಾತ್ರಿ ದುಡಿಸಿದರು. ಕಾಯಿದೆ ಇರಲಿಲ್ಲ ಅಂತಲ್ಲ, ಇತ್ತು. ಆದರೆ ನೋಡಿಕೊಳ್ಳುವ ಹೊಣೆ ಆಯಾ ಊರಿನ ಮ್ಯಾಜಿಸ್ಟ್ರೇಟರ ಮೇಲಿತ್ತು. ಗಿರಣಿ ಮಾಲೀಕರೂ ಅವರೂ ಒಂದೇ ಪಂಕ್ತಿಯಲ್ಲಿ ಉಣ್ಣುವವರು. ಹಿಂಗಾಗಿ ಕಾಯಿದೆ ಕಾಗದದ ಮೇಲೆ ಉಳಿಯಿತು. 1833ರ ಕಾಯಿದೆಯಲ್ಲಿ ಮೊದಲ ಸಲ ಸರ್ಕಾರದ ಸಂಬಳ ಪಡೆಯುವ ನಾಲ್ವರು ಇನ್‌ಸ್ಪೆಕ್ಟರರನ್ನು ನೇಮಿಸಿದರು. ಇಡೀ ದೇಶಕ್ಕೆ ನಾಲ್ಕೇ ಮಂದಿ. ಆದರೂ ಗಿರಣಿಯ ಬಾಗಿಲೊಳಗೆ ಹೋಗುವ, ಆಳನ್ನು ಮಾತಾಡಿಸುವ ಹಕ್ಕು ಅವರಿಗಿತ್ತು. ತಪಾಸಣೆಯ ಬೇರು ಅಲ್ಲಿದೆ.

ನಮ್ಮ ದೇಶಕ್ಕೆ ಕಾರ್ಖಾನೆ ಕಾಯಿದೆ ಬಂದದ್ದು 1881ರಲ್ಲಿ. ಅದು ಬಂದದ್ದು ಬರೀ ಕರುಣೆಯಿಂದ ಅಲ್ಲ. ಮುಂಬೈ ಗಿರಣಿಗಳ ಬಟ್ಟೆ ಅಗ್ಗವಾಗಿ ತಮ್ಮ ವ್ಯಾಪಾರ ಕೆಡುತ್ತದೆ ಅಂತ ಲ್ಯಾಂಕಾಶೈರಿನ ಮಾಲೀಕರೂ ಒತ್ತಾಯ ಹಾಕಿದ್ದರು. ಆ ಕಾಯಿದೆ ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು ಅಂತು. ಏಳರಿಂದ ಹನ್ನೆರಡರ ಮಕ್ಕಳಿಗೆ ದಿನಕ್ಕೆ ಒಂಬತ್ತು ತಾಸು. ಇಂದಿನ ನಮ್ಮ ಮಾಸ್ತರರು ಇದನ್ನು ಮಕ್ಕಳಿಗೆ ಹೇಳಬೇಕು. ಏಳು ವರ್ಷದ ಮಗು ಒಂಬತ್ತು ತಾಸು ದುಡಿಯುವುದನ್ನು ಅಂದಿನ ಕಾಯಿದೆ ಸುಧಾರಣೆ ಅಂತ ಕರೆಯಿತು. ನೂರು ಮಂದಿ ಆಳುಗಳಿದ್ದ ಗಿರಣಿಗಳಿಗಷ್ಟೇ ಅದು ತಾಗುತ್ತಿತ್ತು. ವರ್ಷದಲ್ಲಿ ನಾಲ್ಕು ತಿಂಗಳಿಗಿಂತ ಹೆಚ್ಚು ನಡೆಯದ ಕಾರ್ಖಾನೆ ಅದರ ಹೊರಗೆ ಉಳಿಯಿತು. ಹತ್ತಿ ಹಿಂಜುವ ಜಿನ್ನುಗಳು ಸುಗ್ಗಿಯಲ್ಲಷ್ಟೇ ನಡೆಯುವಂಥವು ಅನ್ನೋದು ನಮಗೆಲ್ಲ ಗೊತ್ತು.

ನಮ್ಮ ಕಡೆಯ ಗೋಕಾಕ ಫಾಲ್ಸಿನ ಗಿರಣಿ ಎದ್ದದ್ದೂ ಇದೇ ಕಾಲದಲ್ಲಿ, 1880ರ ದಶಕದಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳು ಆಗ ಮುಂಬೈ ಪ್ರಾಂತಕ್ಕೆ ಸೇರಿದ್ದವು. ಮುಂಬೈಗೆ ಬಂದ ಕಾಯಿದೆಯೇ ನಮಗೂ. ಮುಂಬೈಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಅನ್ನುವವರು ಗಿರಣಿ ಆಳುಗಳನ್ನು ಕೂಡಿಸಿದರು. ಅವರು ಜ್ಯೋತಿಬಾ ಫುಲೆ ಅವರ ಸಂಗಡಿಗರು, 'ದೀನಬಂಧು' ಪತ್ರಿಕೆ ನಡೆಸಿದವರು. 1884ರಲ್ಲಿ 5,500 ಆಳುಗಳು ಒಂದು ಬೇಡಿಕೆ ಪತ್ರಕ್ಕೆ ಸಹಿ, ಹೆಬ್ಬಟ್ಟು ಹಾಕಿದರು. ವಾರಕ್ಕೆ ಒಂದು ದಿನ ರಜೆ, ಮಧ್ಯಾಹ್ನ ಅರ್ಧ ತಾಸು ಬಿಡುವು, ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡಿ ಅಂತ ಕೇಳಿದರು. ಭಾನುವಾರದ ರಜೆಗೆ ಮಾಲೀಕರು ಒಪ್ಪಿದ್ದು 1890ರಲ್ಲಿ. ಗಾಯಕ್ಕೆ ಪರಿಹಾರದ ಕಾಯಿದೆ ಬರಲು 1923ರ ತನಕ ಕಾಯಬೇಕಾಯಿತು. ಹೆಬ್ಬಟ್ಟು ಒತ್ತಿದವರಲ್ಲಿ ಎಷ್ಟು ಮಂದಿ ಅಷ್ಟರಲ್ಲಿ ತೀರಿಹೋಗಿದ್ದರೋ.

ಗೋವಾದ ಕಥೆ ಬೇರೆ. ಅದು ಪೋರ್ಚುಗೀಸರ ಕೈಯಲ್ಲಿತ್ತು. 1888ರ ಹೊತ್ತಿಗೆ ಮರ್ಮಗೋವಾದಿಂದ ಘಟ್ಟ ಹತ್ತಿ ಕ್ಯಾಸಲ್‌ರಾಕ್ ತನಕ ರೈಲು ಬಂತು. ಹುಬ್ಬಳ್ಳಿ, ಗದಗ ಕಡೆಯ ಅರಳೆಯನ್ನು ಸಮುದ್ರಕ್ಕೆ ಸಾಗಿಸಬೇಕು ಅನ್ನೋದೂ ಆ ಹಾದಿಯ ಹಿಂದಿನ ಲೆಕ್ಕ. ಅಂದರೆ ಮಂಗೋರ್ ಹಿಲ್ಲಿಗೆ ನಮ್ಮ ಮಂದಿ ಹೋಗುವ ಮೊದಲೇ ನಮ್ಮ ಹೊಲದ ಅರಳೆ ಆ ದಾರಿ ಹಿಡಿದಿತ್ತು. ಆದರೆ ಬ್ರಿಟಿಷ್ ಭಾರತದ ಕಾಯಿದೆ ಗಡಿಯಲ್ಲಿ ನಿಂತಿತು. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾದ ಮೇಲೆ ಭಾರತದ ಕಾರ್ಖಾನೆ ಕಾಯಿದೆ ಅಲ್ಲಿಗೂ ಬಂತು. ಈಗ ಅಲ್ಲಿ ಕಾರ್ಖಾನೆ ಮತ್ತು ಬಾಯ್ಲರುಗಳ ತಪಾಸಣೆಗೇ ಪಣಜಿಯಲ್ಲಿ ಒಂದು ಇಲಾಖೆ ಇದೆ.

ಹಂಗ ಬಂದ ಕಾಯಿದೆ ಅಂದರೆ 1948ರ ಕಾರ್ಖಾನೆ ಕಾಯಿದೆ. ಸ್ವಾತಂತ್ರ್ಯ ಬಂದ ಮರುವರ್ಷ ಮಾಡಿದ್ದು, 1949ರ ಏಪ್ರಿಲ್ 1ರಿಂದ ಜಾರಿ. ಕರೆಂಟು ಬಳಸುವ ಕಡೆ ಹತ್ತು ಆಳು, ಬಳಸದ ಕಡೆ ಇಪ್ಪತ್ತು ಆಳು ಇದ್ದರೆ ಅದು ಕಾರ್ಖಾನೆ. ವಾರಕ್ಕೆ 48 ತಾಸು ಕೆಲಸ. ತಿರುಗುವ ಗಾಲಿಗೆ, ಪಟ್ಟಾಕ್ಕೆ ಕಾಪು ಇರಬೇಕು. ಆಳು, ಸಾಮಾನು ಎತ್ತುವ ಲಿಫ್ಟನ್ನು ಆರು ತಿಂಗಳಿಗೊಮ್ಮೆ, ಕ್ರೇನು ಸರಪಳಿಯನ್ನು ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿ ಕಾಗದ ಇಡಬೇಕು. 150 ಆಳಿಗೆ ಒಂದರಂತೆ ಔಷಧಿ ಪೆಟ್ಟಿಗೆ. ಗಾಯವಾಗಿ ಆಳು 48 ತಾಸು ಕೆಲಸಕ್ಕೆ ಬರಲಾಗದಿದ್ದರೆ ಇಲಾಖೆಗೆ ತಿಳಿಸಬೇಕು. ಇದೆಲ್ಲ ನೋಡಲು ಇನ್‌ಸ್ಪೆಕ್ಟರ್ ಯಾವಾಗ ಬೇಕಾದರೂ ಒಳಗೆ ಬರಬಹುದು, ರಜಿಸ್ಟರ್ ಕೇಳಬಹುದು, ಆಳುಗಳನ್ನು ಮಾತಾಡಿಸಬಹುದು. ಅಡ್ಡ ನಿಂತರೆ ಶಿಕ್ಷೆ ಇತ್ತು.

ಈ ಕಾಯಿದೆಯಲ್ಲಿ ಒಂದು ಮಾತು ನನಗೆ ಬಹಳ ಹತ್ತಿರದ್ದು. ಅರಳೆ ಒತ್ತುವ ಕಾರ್ಖಾನೆಯಲ್ಲಿ ಅರಳೆ ಬಿಡಿಸುವ ಯಂತ್ರ ತಿರುಗುವ ಭಾಗಕ್ಕೆ ಹೆಂಗಸರನ್ನೂ ಮಕ್ಕಳನ್ನೂ ಹಚ್ಚಬಾರದು ಅಂತ ಬರೆದಿದೆ. ವಯಸ್ಸಿನಲ್ಲಿ ನಾನು ಒಂದು ಜಿನ್ನಿನಲ್ಲಿ ಮೂರು ಸುಗ್ಗಿ ದುಡಿದಿದ್ದೇನೆ. ಅಲ್ಲಿ ಪಟ್ಟಾಕ್ಕೆ ಕಾಪು ಇರಲಿಲ್ಲ. ಸಾಹೇಬರು ಬರುವ ಸುದ್ದಿ ಹೆಂಗೋ ಮೊದಲೇ ತಿಳಿಯುತ್ತಿತ್ತು. ಹಿಂದಿನ ದಿನ ಗೋಡೆಗೆ ಸುಣ್ಣ ಬೀಳುತ್ತಿತ್ತು. ಮೂಲೆಯಲ್ಲಿ ಬಿದ್ದ ತಗಡಿನ ಕಾಪು ತಂದು ಪಟ್ಟಾದ ಮುಂದೆ ತಂತಿಯಿಂದ ಬಿಗಿಯುತ್ತಿದ್ದರು. ಸಣ್ಣ ಹುಡುಗರನ್ನು ಹಿಂದಿನ ಗೇಟಿನಿಂದ ಹೊರಗೆ ಕಳಿಸುತ್ತಿದ್ದರು. "ಏನು ಕೇಳಿದ್ರೂ ಎಲ್ಲಾ ಛಲೋ ಐತ್ರಿ ಅನ್ರಿ" ಅಂತ ದಿವಾನಜಿ ನಮಗೆ ಪಾಠ ಹೇಳುತ್ತಿದ್ದ. ಸಾಹೇಬರು ಚಹಾ ಕುಡಿದು ಹೋದ ಮೇಲೆ ತಗಡು ಮತ್ತೆ ಮೂಲೆಗೆ. ಯಾಕಂದರೆ ಪಟ್ಟಾ ಜಾರಿದರೆ ಹಾಕಲು ತಗಡು ಅಡ್ಡ ಬರುತ್ತದೆ, ಕೆಲಸ ನಿಲ್ಲುತ್ತದೆ. ಎರಡನೆಯ ಸುಗ್ಗಿಯಲ್ಲಿ ಒಬ್ಬ ಹೆಣ್ಣುಮಗಳ ಸೆರಗು ಪಟ್ಟಾಕ್ಕೆ ಸಿಕ್ಕಿತು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಆ ತಗಡು ಅವಳಿಂದ ಹತ್ತು ಮಾರು ದೂರದಲ್ಲಿ ಗೋಡೆಗೆ ಆನಿಕೊಂಡಿತ್ತು.

ತಯಾರಿ ಅಂದರೆ ಏನು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಆ ತಗಡಿನ ಸಂಗತಿ. ಆ ಮಾಲೀಕರೂ ತಯಾರಿ ಮಾಡಿದ್ದರು. ಸಾಹೇಬರ ಎರಡು ತಾಸಿಗೆ ಮಾಡಿದ್ದರು.

ಇನ್ನು ತಪಾಸಣೆ ಆದರೂ ಕೇಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಭೋಪಾಲ ಸಾಕ್ಷಿ. ಅಲ್ಲಿಯ ಯೂನಿಯನ್ ಕಾರ್ಬೈಡ್ ಕಾರ್ಖಾನೆಯನ್ನು 1982ರಲ್ಲಿ ಅಮೆರಿಕದಿಂದ ಬಂದ ಕಂಪನಿಯ ಸ್ವಂತ ತಂಡವೇ ತಪಾಸಣೆ ಮಾಡಿ ದೋಷಗಳ ಪಟ್ಟಿ ಬರೆದುಕೊಟ್ಟಿತ್ತು. 1984ರ ಡಿಸೆಂಬರ್ 2ರ ರಾತ್ರಿ ವಿಷದ ಗಾಳಿ ಹೊರಬಿದ್ದಾಗ ಅದನ್ನು ತಡೆಯಬೇಕಾದ ಸಾಧನಗಳಲ್ಲಿ ಕೆಲವು ನಿಂತಿದ್ದವು, ತಣ್ಣಗಿಡುವ ಯಂತ್ರವನ್ನು ಬಂದ್ ಮಾಡಿದ್ದರು. ಸಾವಿರಾರು ಜೀವ ಹೋದವು. ಪಟ್ಟಿ ಫೈಲಿನಲ್ಲಿತ್ತು. ಅದರ ನಂತರ 1987ರಲ್ಲಿ ಕಾಯಿದೆ ತಿದ್ದಿದರು. ಅಪಾಯದ ಕಾರ್ಖಾನೆ ತಾನು ಬಳಸುವ ವಿಷದ ಮಾಹಿತಿಯನ್ನು ಆಳುಗಳಿಗೂ ಸುತ್ತಲಿನ ಮಂದಿಗೂ ಕೊಡಬೇಕು, ಆಳು-ಮಾಲೀಕರು ಕೂಡಿದ ಸುರಕ್ಷಾ ಸಮಿತಿ ಇರಬೇಕು, ಜೀವಕ್ಕೆ ಅಪಾಯ ಕಂಡರೆ ಎಚ್ಚರಿಸುವ ಹಕ್ಕು ಆಳಿಗೆ ಇರಬೇಕು ಅಂತ ಸೇರಿಸಿದರು. ನಮ್ಮಲ್ಲಿ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಕಾರ್ಖಾನೆ ಕಾಯಿದೆಯ ಬಹಳಷ್ಟು ಸಾಲುಗಳು ಹಂಗೇ ಹುಟ್ಟಿವೆ.

ಕಾರ್ಖಾನೆಯೇ ಬೇಕಂತಿಲ್ಲ. ಮಂಗೋರ್ ಹಿಲ್ಲಿನ ನಮ್ಮವರಲ್ಲಿ ಕಟ್ಟಡದ ಕೆಲಸದವರು ಬಹಳ. ಗೋವಾದ ಕಾಣಕೋಣದಲ್ಲಿ 2014ರ ಜನವರಿ 4ರಂದು ಕಟ್ಟುತ್ತಿದ್ದ ಕಟ್ಟಡ ಕುಸಿದು 31 ಮಂದಿ ಸತ್ತರು. ಸತ್ತವರು ಹೊಟ್ಟೆಪಾಡಿಗೆ ಹೊರರಾಜ್ಯಗಳಿಂದ ಬಂದವರೇ ಹೆಚ್ಚು. ನಮ್ಮ ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಇನ್ನೂ ಮುಗಿಯದ ಕಟ್ಟಡ ಬಿದ್ದು 19 ಮಂದಿ ಹೋದರು. ಕಟ್ಟಡದ ಆಳುಗಳಿಗಾಗಿಯೇ 1996ರಲ್ಲಿ ಒಂದು ಕಾಯಿದೆ ಬಂದಿತ್ತು. ಬಂದರಿನಲ್ಲಿ ಹಡಗಿಗೆ ಸರಕು ತುಂಬಿ ಇಳಿಸುವವರಿಗೆ 1986ರ ಕಾಯಿದೆ, ಗಣಿಯವರಿಗೆ 1952ರ ಕಾಯಿದೆ. ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಸಾಹೇಬರು. ನನ್ನ ಕೆಲಸಕ್ಕೆ ಯಾವ ಇಲಾಖೆ, ಯಾವ ಲೈಸನ್ಸು ಅಂತ ತಿಳಿದುಕೊಳ್ಳುವುದೇ ಮಾಲೀಕನ ಮೊದಲ ತಯಾರಿ.

ಇನ್ನು ಉಳಿದ ತಯಾರಿ ನೋಡೋಣ. ಹರದೇಶಿ-ನಾಗೇಶಿ ಸವಾಲ್-ಜವಾಬಿಗೆ ಕೂತವರಿಗೆ ಇದು ಬೇಗ ತಿಳಿಯುತ್ತದೆ. ಎದುರಿನ ಮೇಳ ಏನು ಸವಾಲು ಹಾಕುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ. ವರ್ಷವಿಡೀ ತಾಲೀಮು ಮಾಡಿದವನು ಯಾವ ಸವಾಲಿಗೂ ಕುಂತಲ್ಲೇ ಜವಾಬು ಕೊಡುತ್ತಾನೆ. ಹಿಂದಿನ ರಾತ್ರಿ ನಾಲ್ಕು ನುಡಿ ಬಾಯಿಪಾಠ ಮಾಡಿದವನು ಐದನೆಯ ಸವಾಲಿಗೆ ದಪ್ಪು ಕೆಳಗಿಡುತ್ತಾನೆ. ತಪಾಸಣೆಯೂ ಹಂಗೇ.

ದಿನಾ ಮುಂಜಾನೆ ಕೆಲಸ ಶುರುವಾಗುವ ಮೊದಲು ಮಾಲೀಕ ಇಲ್ಲವೇ ಮೇಸ್ತ್ರಿ ಒಂದು ಸುತ್ತು ತಿರುಗಬೇಕು. ನಾವು ಬಂಡಿ ಹೂಡುವ ಮೊದಲು ಕೀಲು, ನೊಗ, ಮಿಣಿ ನೋಡುವುದಿಲ್ಲವೇ? ಗ್ರೈಂಡರಿನ ಕಾಪು ಇದೆಯೋ, ವಯರು ಸುಲಿದಿದೆಯೋ, ಅರ್ಥಿಂಗ್ ಸರಿ ಇದೆಯೋ, ಗ್ಯಾಸ್ ಸಿಲಿಂಡರು ನೆಟ್ಟಗೆ ನಿಂತು ಸರಪಳಿ ಬಿಗಿದಿದೆಯೋ, ಎತ್ತರದ ಕೆಲಸಕ್ಕೆ ಕಟ್ಟಿದ ಅಟ್ಟಣಿಗೆಯ ಗಂಟು ಸಡಿಲಾಗಿದೆಯೋ, ಬೆಂಕಿ ಆರಿಸುವ ಸಿಲಿಂಡರಿನ ಅವಧಿ ಮುಗಿದಿದೆಯೋ, ಹೊರಗೆ ಓಡುವ ದಾರಿಗೆ ಸಾಮಾನು ಅಡ್ಡ ಬಿದ್ದಿದೆಯೋ ಅಂತ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಬೇಕು. ಕೆಟ್ಟಿದ್ದು ಕಂಡರೆ ಅದನ್ನೂ ಬರೆದು, ರಿಪೇರಿ ಆದ ದಿನವನ್ನೂ ಬರೆಯಬೇಕು. ಎಲ್ಲಾ ದಿನ ಬರೀ "ಸರಿ ಇದೆ" ಅಂತಿದ್ದರೆ ಸಾಹೇಬರು ನಂಬುವುದಿಲ್ಲ. ಯಂತ್ರ ಅಂದ ಮೇಲೆ ಕೆಡುತ್ತದೆ.

ಕಾಗದಗಳನ್ನು ಒಂದೇ ಕಡೆ ಇಡಬೇಕು. ಲೈಸನ್ಸು, ಹಾಜರಿ ಪುಸ್ತಕ, ಪಗಾರದ ಪುಸ್ತಕ, ಅಪಘಾತದ ರಜಿಸ್ಟರು, ಕ್ರೇನು-ಸರಪಳಿ ಪರೀಕ್ಷೆಯ ಕಾಗದ, ಯಾವ ಆಳಿಗೆ ಯಾವತ್ತು ಏನು ಕಲಿಸಿದಿರಿ ಅನ್ನುವ ಸಹಿ, ಹಿಂದಿನ ತಪಾಸಣೆಯ ಆದೇಶ. ಇವು ಮಾಲೀಕನ ಮನೆಯ ಟ್ರಂಕಿನಲ್ಲಿ ಇದ್ದರೆ ಉಪಯೋಗವಿಲ್ಲ. ಮಾಲೀಕ ಊರಿಗೆ ಜಾತ್ರೆಗೆ ಬಂದಾಗ ಸಾಹೇಬರು ಬಂದರೆ ತೆಗೆದುಕೊಡಲು ಇನ್ನೊಬ್ಬನಿಗೂ ಗೊತ್ತಿರಬೇಕು.

ಸಾಹೇಬರು ಬಂದ ದಿನ ಗಾಬರಿಯಾಗಿ ಯಂತ್ರ ಬಂದ್ ಮಾಡುವುದು, ಆಳುಗಳನ್ನು ಹಿಂದಿನಿಂದ ಓಡಿಸುವುದು ಬೇಡ. ಗುರುತಿನ ಚೀಟಿ ನೋಡಿ, ಹೆಸರು ಬರೆದುಕೊಂಡು, ಅವರಿಗೂ ಹೆಲ್ಮೆಟ್ ಕೊಟ್ಟು ಒಳಗೆ ಕರೆದುಕೊಂಡು ಹೋಗಿ. ಕೆಲಸ ಚೆನ್ನಾಗಿ ತಿಳಿದ ಒಬ್ಬನು ಜೊತೆಯಲ್ಲಿರಲಿ. ಕೇಳಿದ್ದಕ್ಕೆ ಗೊತ್ತಿದ್ದಷ್ಟು ಹೇಳಿ, ಗೊತ್ತಿಲ್ಲದ್ದನ್ನು ವಿಚಾರಿಸಿ ಹೇಳುತ್ತೇನೆ ಅನ್ನಿ. ಆಳನ್ನು ಮಾತಾಡಿಸುತ್ತೇನೆ ಅಂದರೆ ದೂರ ಸರಿದು ನಿಲ್ಲಿ. ಅವರು ತೋರಿಸಿದ ದೋಷವನ್ನು ಅಲ್ಲೇ ಬರೆದುಕೊಳ್ಳಿ, ಕೂಡಲೇ ಆಗುವಂಥದ್ದಿದ್ದರೆ ಅವರ ಮುಂದೆಯೇ ಸರಿಪಡಿಸಿ. ಲಕೋಟೆ ಕೊಟ್ಟು ಮುಗಿಸುವ ಯೋಚನೆ ಕೆಲವರಿಗೆ ಬರುತ್ತದೆ. ಲಕೋಟೆ ಸಾಹೇಬರ ಕಣ್ಣು ಮುಚ್ಚಿಸಬಹುದು, ಪಟ್ಟಾಕ್ಕೆ ಅದು ಕಾಪು ಆಗುವುದಿಲ್ಲ.

ಹೋದ ಮೇಲಿನ ಕೆಲಸವೇ ದೊಡ್ಡದು. ಆದೇಶ ಬಂದರೆ ಒಂದೊಂದು ಕಲಮಿಗೂ ಯಾರು ಮಾಡುತ್ತಾರೆ, ಎಷ್ಟನೆಯ ತಾರೀಖಿನೊಳಗೆ ಅಂತ ಬರೆದು, ಮುಗಿಸಿ, ಫೋಟೋ ಸಮೇತ ಉತ್ತರ ಕಳಿಸಬೇಕು. ಆದೇಶ ಸರಿಯಲ್ಲ ಅನಿಸಿದರೆ ಮೇಲ್ಮನವಿ ಹಾಕುವ ದಾರಿ ಇರುತ್ತದೆ. 1948ರ ಕಾಯಿದೆಯಲ್ಲಿ ಅದಕ್ಕೆ 30 ದಿನ ಇತ್ತು. ಕಾಗದ ಒಳಗಿಟ್ಟು ಸುಮ್ಮನಿರುವುದು ಮಾತ್ರ ಭೋಪಾಲದ ದಾರಿ.

ಇನ್ನೊಂದು ಸಂಗತಿ ಭಾಷೆಯದು. 1948ರ ಕಾಯಿದೆ ಕಾರ್ಖಾನೆಯ ಸೂಚನೆಗಳನ್ನು ಇಂಗ್ಲಿಷಿನಲ್ಲೂ, ಅಲ್ಲಿಯ ಹೆಚ್ಚಿನ ಆಳುಗಳಿಗೆ ತಿಳಿಯುವ ಭಾಷೆಯಲ್ಲೂ ಹಾಕಬೇಕು ಅಂತ ಹೇಳಿತ್ತು. ರಾಜ್ಯದ ಭಾಷೆ ಅಂತ ಹೇಳಲಿಲ್ಲ, ಆಳುಗಳಿಗೆ ತಿಳಿಯುವ ಭಾಷೆ ಅಂದಿತು. ಕನ್ನಡದ ಆಳುಗಳೇ ಹೆಚ್ಚಿರುವ ಶೆಡ್ಡಿನಲ್ಲಿ, ಅದು ಗೋವಾದಲ್ಲಿದ್ದರೂ, ಬೋರ್ಡು ಕನ್ನಡದಲ್ಲಿ ಇರುವುದು ಕಾಯಿದೆಗೂ ಒಪ್ಪುವ ಮಾತು, ಬುದ್ಧಿಗೂ ಒಪ್ಪುವ ಮಾತು. ಆದರೆ ನಮ್ಮವನೇ ಮಾಲೀಕನಾದ ಶೆಡ್ಡಿನಲ್ಲೂ ನಾನು ಕಂಡಿದ್ದು ಇಂಗ್ಲಿಷ್ ಬೋರ್ಡು. "ಇದ್ರಾಗ ಏನು ಬರ್ದೈತಿ?" ಅಂತ ಒಬ್ಬ ಹುಡುಗನನ್ನು ಕೇಳಿದೆ. "ಅದು ಸಾಹೇಬ್ರಿಗೆ ಹಾಕಿದ್ದು ಅಜ್ಜಾ" ಅಂದ.

ಈಗ ಕಾಯಿದೆಯೇ ಬದಲಾಗಿದೆ. ಕಾರ್ಖಾನೆ, ಗಣಿ, ಬಂದರು, ಕಟ್ಟಡದ ಕಾಯಿದೆಗಳೂ ಸೇರಿ 13 ಹಳೆಯ ಕಾಯಿದೆಗಳನ್ನು ಒಂದುಗೂಡಿಸಿ 2020ರಲ್ಲಿ ಒಂದು ಸಂಹಿತೆ ಮಾಡಿದರು. ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಇನ್‌ಸ್ಪೆಕ್ಟರಿಗೆ ಈಗ ಸಲಹೆ ಕೊಡುವ ಕೆಲಸವೂ ಸೇರಿದೆ. ಯಾವ ಕಾರ್ಖಾನೆಗೆ ಹೋಗಬೇಕು ಅಂತ ಕಂಪ್ಯೂಟರು ಆರಿಸುವ ಪದ್ಧತಿಗೂ ಜಾಗ ಮಾಡಿದ್ದಾರೆ. ಸಲಹೆಗಾರ ಅಂದ ಮೇಲೆ ನಮ್ಮ ಮಾಲೀಕರು ತಾವಾಗಿಯೇ ಹೋಗಿ ಕೇಳಬಹುದು, ಅದರಲ್ಲಿ ನಾಚಿಕೆಯಿಲ್ಲ. ಆದರೆ ಒಂದು ಬದಲಾವಣೆಯನ್ನು ಎಚ್ಚರದಿಂದ ನೋಡಬೇಕು. ಕಾರ್ಖಾನೆ ಅನ್ನಿಸಿಕೊಳ್ಳಲು ಕರೆಂಟು ಇರುವ ಕಡೆ ಹತ್ತು ಆಳಿದ್ದದ್ದು ಇಪ್ಪತ್ತಾಗಿದೆ, ಇಲ್ಲದ ಕಡೆ ಇಪ್ಪತ್ತಿದ್ದದ್ದು ನಲವತ್ತಾಗಿದೆ. ಹನ್ನೆರಡು ಆಳಿನ ವೆಲ್ಡಿಂಗ್ ಶೆಡ್ಡು ನಿನ್ನೆ ಕಾರ್ಖಾನೆ, ಇಂದು ಅಲ್ಲ. ಆರು ಆಳಿನ ಶೆಡ್ಡಿಗೆ ಹಿಂದೆಯೂ ಸಾಹೇಬರು ಬರುತ್ತಿದ್ದದ್ದು ಅಪರೂಪ.

ನಮ್ಮ ಮಾಲೀಕರ ಶೆಡ್ಡುಗಳು ಬಹಳಷ್ಟು ಇಂಥ ಸಣ್ಣವು. ಅಲ್ಲಿ ದುಡಿಯುವವರು ಯಾರು? ನಮ್ಮೂರ ಹುಡುಗರು, ಅಕ್ಕನ ಮಗ, ತಮ್ಮನ ಮಗ, ಸಾಲ ತೀರಿಸಲು ಹೋದ ನೆರೆಮನೆಯವನು. ದೊಡ್ಡ ಕಂಪನಿಯಲ್ಲಿ ಸುರಕ್ಷಾ ಅಧಿಕಾರಿ ಇರುತ್ತಾನೆ, ಯೂನಿಯನ್ ಇರುತ್ತದೆ. ಸಣ್ಣ ಶೆಡ್ಡಿನಲ್ಲಿ ಮಾಲೀಕನ ಕಣ್ಣೊಂದೇ. ಹಿಂಗಾಗಿ ಸಾಹೇಬರು ಬಾರದ ಜಾಗದ ಮಾಲೀಕನಿಗೆ ತಯಾರಿ ಹೆಚ್ಚು ಬೇಕು. ಅವನೇ ಇನ್‌ಸ್ಪೆಕ್ಟರ್ ಆಗಬೇಕು, ಆಳುಗಳಿಗೂ ಆ ಅಧಿಕಾರದಲ್ಲಿ ಪಾಲು ಕೊಡಬೇಕು. ಎರಡು ತಾಸು ನೋಡಿ ಹೋಗುವ ಸಾಹೇಬರಿಗಿಂತ ವರ್ಷವಿಡೀ ಗ್ರೈಂಡರು ಹಿಡಿದ ಹುಡುಗನಿಗೆ ಅದರ ದೋಷ ಚೆನ್ನಾಗಿ ಗೊತ್ತಿರುತ್ತದೆ. ಅವನು "ಇದು ಸರಿ ಇಲ್ಲ" ಅಂದಾಗ ಪಗಾರ ಕಡಿಯದೆ ಕೇಳುವ ಮಾಲೀಕ ಯಾವ ತಪಾಸಣೆಗೂ ಅಂಜಬೇಕಾಗಿಲ್ಲ.

ಕೊನೆಗೆ ನಮ್ಮ ಶಾಲೆಯ ಮಾಸ್ತರರಿಗೂ ಅಕ್ಕೋರಿಗೂ ಒಂದು ಬಿನ್ನಹ. ದೀಪಾವಳಿಗೆ ಗೋವಾದಿಂದ ನಮ್ಮ ಮಾಲೀಕರು ಊರಿಗೆ ಬರುತ್ತಾರೆ. ಅಷ್ಟರೊಳಗೆ ಮಕ್ಕಳ ಕೈಯಿಂದ ದಪ್ಪ ಅಕ್ಷರದಲ್ಲಿ ಕನ್ನಡದ ಬೋರ್ಡು ಬರೆಸಿ ವಾಚನಾಲಯದಲ್ಲಿ ಇಡಿರಿ. ಕಾಪು ತೆಗೆದು ಯಂತ್ರ ನಡೆಸಬೇಡಿ. ತಿರುಗುವ ಯಂತ್ರಕ್ಕೆ ಕೈ ಹಾಕಬೇಡಿ. ಎತ್ತರದಲ್ಲಿ ಬೆಲ್ಟು ಕಟ್ಟಿಕೊಳ್ಳಿ. ಮುಚ್ಚಿದ ಟಾಕಿಯೊಳಗೆ ಗಾಳಿ ಪರೀಕ್ಷೆ ಮಾಡದೆ, ಹೊರಗೆ ಒಬ್ಬನನ್ನು ನಿಲ್ಲಿಸದೆ ಇಳಿಯಬೇಡಿ. ಅಪಾಯ ಕಂಡರೆ ಕೆಲಸ ನಿಲ್ಲಿಸಿ ಹೇಳಿ. ಈ ಐದು ಸಾಲು ಸಾಕು. ಹೋಗುವಾಗ ರೊಟ್ಟಿ ಬುತ್ತಿಯ ಜೊತೆ ಒಂದೊಂದು ಬೋರ್ಡು ಒಯ್ಯಲಿ. ಮಂಗೋರ್ ಹಿಲ್ಲಿಗೆ ಮುಂದಿನ ಸಲ ಹಾಡಲು ಹೋದಾಗ ಆ ಬೋರ್ಡು ಗೋಡೆಯ ಮೇಲಿದೆಯೋ ಇಲ್ಲವೋ ಅಂತ ನೋಡಿ ಬರುವ ಜವಾಬ್ದಾರಿ ನನ್ನದು.